ಕನ್ನಡದ ನಾಲಿಗೆಯಿಂದಲೇ ಸ್ಪ್ಯಾನಿಷ್: ಶುಭಾಶಯ ಮತ್ತು ಪರಿಚಯದ ಸಮಗ್ರ ಮಾರ್ಗದರ್ಶಿ

ಆನೆಗುಂದಿ, ಸಾಣಾಪುರ, ಅಂಜನಾದ್ರಿಯ ಸುತ್ತ ಗೈಡ್ ಕೆಲಸ, ಹೋಂಸ್ಟೇ, ಆಟೊ, ಹರಗೋಲು ನಂಬಿ ಬದುಕುವವರಿಗೆ ಸ್ಪ್ಯಾನಿಷ್ ಮಾತಾಡುವ ಪ್ರವಾಸಿಗರು ಆಗಾಗ ಸಿಗುತ್ತಾರೆ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಸ್ಪೇನ್, ಮೆಕ್ಸಿಕೊ, ಕೊಲಂಬಿಯಾ, ಅರ್ಜೆಂಟೀನಾ, ಪೆರು, ಚಿಲಿ ಎಲ್ಲ ಅದರೊಳಗೇ ಬರುತ್ತವೆ. ಹೊಳೆಯ ಈಚೆ ದಡದಲ್ಲಿ ಯಾರಾದರೂ ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಆಡಿದರೆ ಅವರ ಮುಖ ಅರಳುತ್ತದೆ, ಮುಂದಿನ ಮಾತು ಸಲೀಸಾಗುತ್ತದೆ. ಆ ನಾಲ್ಕು ಮಾತನ್ನು ಒಂದು ವಾರದಲ್ಲಿ, ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟು ಕಲಿಯುವ ದಾರಿ ಇಲ್ಲಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದಿಂದ ನೇರವಾಗಿ ಕಲಿಯಿರಿ. ಇಂಗ್ಲಿಷ್ ಮಾತಾಡುವವರು ತಿಂಗಳುಗಟ್ಟಲೆ ಒದ್ದಾಡುವ ಎಷ್ಟೋ ಉಚ್ಚಾರಣೆ ನಮ್ಮ ಬಾಯಲ್ಲಿ ಹುಟ್ಟಿನಿಂದಲೇ ಇದೆ. ಇಂಗ್ಲಿಷ್ ಅಕ್ಷರ ನೋಡಿ ಓದಲು ಹೊರಟರೆ ಆ ಲಾಭ ಕೈತಪ್ಪುತ್ತದೆ.

ಮೊದಲ ಹೆಜ್ಜೆ: ಬಾಯಿ ಸಿದ್ಧಮಾಡಿಕೊಳ್ಳುವುದು (ಎರಡು ದಿನ)

ಈ ಬರಹದಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಸ್ಪ್ಯಾನಿಷ್ ಪದದಲ್ಲಿ ದೀರ್ಘ ಬರೆದ ಅಕ್ಷರದ ಮೇಲೆ ಒತ್ತು ಹಾಕಬೇಕು, ಹ್ರಸ್ವ ಇದ್ದಲ್ಲಿ ಹಗುರವಾಗಿ ಹೇಳಬೇಕು. ಸ್ಪ್ಯಾನಿಷಿನಲ್ಲಿ ನಮ್ಮಂತೆ ಹ್ರಸ್ವ–ದೀರ್ಘದ ಭೇದವಿಲ್ಲ, ಒತ್ತಿನ ಭೇದವಿದೆ. ಒತ್ತು ಜಾರಿದರೆ ಅರ್ಥವೇ ಬೇರೆಯಾಗುತ್ತದೆ: ‘ಎಸ್ತಾ’ ಅಂದರೆ ‘ಇದ್ದಾರೆ’, ‘ಏಸ್ತ’ ಅಂದರೆ ‘ಈಕೆ’.

ಸ್ವರ ಐದೇ: ಅ, ಎ, ಇ, ಒ, ಉ. ಎಲ್ಲಿ ಬಂದರೂ ಅದೇ ಉಚ್ಚಾರಣೆ. ಕೇಳಲು ಸುಲಭ, ಆದರೆ ನಮ್ಮ ಸೀಮೆಯ ಮಾತಿನ ರೂಢಿ ಇಲ್ಲಿ ಮೂರು ಕಡೆ ಅಡ್ಡ ಬರುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ‘ಮನೆ’ಯನ್ನು ‘ಮನಿ’, ‘ತಲೆ’ಯನ್ನು ‘ತೆಲಿ’ ಅನ್ನುತ್ತೇವೆ. ಪದದ ಕೊನೆಯ ಎ ನಮ್ಮ ಬಾಯಲ್ಲಿ ತಾನಾಗಿ ಇ ಆಗುತ್ತದೆ. ಸ್ಪ್ಯಾನಿಷಿನಲ್ಲಿ ಇದು ಆಗಕೂಡದು. ‘ನೋಂಬ್ರೆ’ (ಹೆಸರು) ಅನ್ನುವುದು ‘ನೋಂಬ್ರಿ’ ಆಗುತ್ತದೆ, ‘ದೆ ದೋಂದೆ’ (ಎಲ್ಲಿಂದ) ಅನ್ನುವುದು ‘ದಿ ದೋಂದಿ’ ಆಗುತ್ತದೆ. ಕೊನೆಯ ಎ ಹೇಳುವಾಗ ಬಾಯಿ ತುಸು ತೆರೆದೇ ಇರಲಿ.

ಎರಡನೆಯದು ಪದದ ಆರಂಭದ್ದು. ‘ಎಲೆ’ ಅನ್ನುವಾಗ ನಾವು ‘ಯೆಲಿ’ ಅನ್ನುತ್ತೇವೆ, ‘ಒಲೆ’ ಅನ್ನುವಾಗ ‘ವೊಲಿ’. ಹಾಗೇ ‘ಓಲ’ ಹೋಗಿ ‘ವೋಲ’ ಆಗುತ್ತದೆ, ‘ಎಸ್ಪಾಞ’ (ಸ್ಪೇನ್) ಹೋಗಿ ‘ಯೆಸ್ಪಾಞ’ ಆಗುತ್ತದೆ. ತುಟಿ, ನಾಲಿಗೆ ಮೊದಲೇ ಜಾಗಕ್ಕೆ ಬಂದು ನಿಂತ ಮೇಲೆ ಧ್ವನಿ ಬಿಡಿ.

ಮೂರನೆಯದು ಕೊನೆಯ ವ್ಯಂಜನ. ಬಸ್ಸನ್ನು ‘ಬಸ್ಸು’ ಮಾಡಿದಂತೆ ‘ಗ್ರಾಸ್ಯಸ್’ ಅನ್ನು ‘ಗ್ರಾಸ್ಯಸ್ಸು’ ಮಾಡಬಾರದು. ಸ್ ಹೇಳಿ ಅಲ್ಲೇ ನಿಲ್ಲಿಸಿ.

ಈಗ ವ್ಯಂಜನ. ಸ್ಪ್ಯಾನಿಷಿನ ತ, ದ ನಮ್ಮ ತಾಯಿ, ದಾರಿಯ ತ, ದ; ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್ ಓದಿದವರು ‘ಬ್ವೇನಸ್ ಟಾರ್ಡೆಸ್’ ಅನ್ನುತ್ತಾರೆ, ಅದು ತಪ್ಪು. ‘ಬ್ವೇನಸ್ ತಾರ್ದೆಸ್’ ಸರಿ. ಟ, ಡ, ಣ, ಳ ಈ ಭಾಷೆಯಲ್ಲೇ ಇಲ್ಲ. ಪ, ತ, ಕ ಕೂಡ ನಮ್ಮವೇ, ಉಸಿರು ಬೆರೆಸದ ಅಲ್ಪಪ್ರಾಣ. ಫ ಮಾತ್ರ ‘ಫ್ಯಾನ್’ ಅನ್ನುವಾಗಿನ ಫ: ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು.

ಞ ವರ್ಣಮಾಲೆಯಲ್ಲಿದೆ, ಬಿಡಿಯಾಗಿ ಹೇಳುವ ರೂಢಿ ಮಾತ್ರ ತಪ್ಪಿಹೋಗಿದೆ. ‘ಅಂಜನಾದ್ರಿ’ ಎಂದು ನಿಧಾನ ಹೇಳಿ, ಸೊನ್ನೆಯ ಮೇಲೆ ನಾಲಿಗೆಯನ್ನು ಹಿಡಿದು ನಿಲ್ಲಿಸಿ. ಆಗ ಮೂಗಿನಿಂದ ಬರುವುದೇ ಞ. ಅಲ್ಲಿಂದ ನೇರವಾಗಿ ‘ಸೆಞೋರ್’ (ಸ್ವಾಮಿ, ಸಾಹೇಬರು), ‘ಸೆಞೋರ’ (ಅಮ್ಮ, ಮೇಡಂ), ‘ಮಞಾನ’ (ನಾಳೆ) ಹೇಳಿ. ಇದನ್ನು ‘ನ’ ಮಾಡಿದರೆ ಅಪಾಯವೂ ಇದೆ. ‘ಆಞೊಸ್’ ಎಂದರೆ ವರ್ಷಗಳು, ‘ಆನೊಸ್’ ಎಂದರೆ ಗುದದ್ವಾರ. ವಯಸ್ಸು ಹೇಳುವಾಗ ಈ ತಪ್ಪು ಆಗಬಾರದು.

ಉಳಿದವು ಬೇಗ ಮುಗಿಯುತ್ತವೆ. ಪದದ ಮೊದಲಿನ ರ ಮತ್ತು ಜೋಡಿ ರ ‘ಕರ್ರಗೆ’ ಅನ್ನುವಾಗಿನ ರ್ರ. ನಡುವಿನ ಒಂಟಿ ರ ‘ಮರ’ದ ರ. ‘ಪೇರೊ’ ಅಂದರೆ ‘ಆದರೆ’, ‘ಪೇರ್ರೊ’ ಅಂದರೆ ನಾಯಿ. ಬ, ವ ಎರಡಕ್ಕೂ ಒಂದೇ ಉಚ್ಚಾರಣೆ, ಅದು ಬ. ಎರಡು ಸ್ವರಗಳ ನಡುವೆ ಬಂದಾಗ ತುಟಿ ಪೂರ್ತಿ ಮುಚ್ಚದ ಸಡಿಲ ಬ. ಇಂಗ್ಲಿಷಿನ ಜೆ ಅಕ್ಷರ ಇಲ್ಲಿ ಹ ಆಗುತ್ತದೆ: ಸ್ಪೇನಿನಲ್ಲಿ ಗಂಟಲು ಉಜ್ಜುವ ಹ, ಲ್ಯಾಟಿನ್ ಅಮೆರಿಕದ ಹಲವೆಡೆ ಮೆತ್ತಗಿನ ಹ. ನಮ್ಮ ಉರ್ದು ಭಾಷಿಕರು ‘ಖುದಾ’ ಅನ್ನುವಾಗ ಗಂಟಲಿನಿಂದ ತರುವ ಆ ಖ ಸ್ಪೇನಿನ ‘ಹ’ಕ್ಕೆ ತುಂಬ ಹತ್ತಿರ. ಇಂಗ್ಲಿಷಿನ ಎಚ್ ಬರೆದಿದ್ದರೂ ಉಚ್ಚಾರಣೆ ಇಲ್ಲ. ಜೋಡಿ ಎಲ್ ಸಾಮಾನ್ಯವಾಗಿ ಯ.

ಸ್ಪೇನಿನವರು ‘ಗ್ರಾಸ್ಯಸ್’ನ ಮೊದಲ ಸ ಹೇಳುವಾಗ ನಾಲಿಗೆಯನ್ನು ಹಲ್ಲುಗಳ ನಡುವೆ ಇಡುತ್ತಾರೆ, ಅದು ಥ ಎಂದಂತೆ ಕೇಳುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಬರೀ ಸ. ನೀವು ಸ ಇಟ್ಟುಕೊಳ್ಳಿ, ಎಲ್ಲೆಡೆ ನಡೆಯುತ್ತದೆ.

ಎರಡನೇ ಹೆಜ್ಜೆ: ಹೊತ್ತಿಗೆ ತಕ್ಕ ಶುಭಾಶಯ

ಯಾವ ಹೊತ್ತಿಗೂ, ಯಾರಿಗೂ: ಓಲ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ: ಬ್ವೇನೊಸ್ ದೀಯಸ್.
ಮಧ್ಯಾಹ್ನದಿಂದ ಕತ್ತಲಾಗುವವರೆಗೆ: ಬ್ವೇನಸ್ ತಾರ್ದೆಸ್.
ಕತ್ತಲಾದ ಮೇಲೆ: ಬ್ವೇನಸ್ ನೋಚೆಸ್.

ಮೊದಲನೆಯದರಲ್ಲಿ ‘ಬ್ವೇನೊಸ್’, ಉಳಿದ ಎರಡರಲ್ಲಿ ‘ಬ್ವೇನಸ್’. ‘ದೀಯ’ (ದಿನ) ಪುಲ್ಲಿಂಗ, ‘ತಾರ್ದೆ’, ‘ನೋಚೆ’ ಸ್ತ್ರೀಲಿಂಗ, ಅದಕ್ಕೆ. ಕನ್ನಡದಲ್ಲಿ ಹಗಲು, ರಾತ್ರಿಗೆ ಗಂಡು–ಹೆಣ್ಣು ಇಲ್ಲವಾದ್ದರಿಂದ ಇದು ಮೊದಲಿಗೆ ಗೊಂದಲ. ನಿಯಮ ನೆನೆಯುತ್ತ ಕೂರಬೇಡಿ, ಮೂರನ್ನೂ ಇಡಿಯಾಗಿ ಬಾಯಿಗೆ ಹತ್ತಿಸಿಕೊಳ್ಳಿ.

‘ಬ್ವೇನಸ್ ನೋಚೆಸ್’ ಮಲಗುವ ಮುಂಚಿನ ‘ಶುಭರಾತ್ರಿ’ ಮಾತ್ರ ಅಲ್ಲ. ರಾತ್ರಿ ಎಂಟಕ್ಕೆ ಹೊಸದಾಗಿ ಬಂದ ಅತಿಥಿಯನ್ನು ಬಾಗಿಲಲ್ಲಿ ಬರಮಾಡಿಕೊಳ್ಳುವುದೂ ಇದರಿಂದಲೇ. ಸ್ಪೇನಿನವರು ಮಧ್ಯಾಹ್ನದ ಊಟವನ್ನು ಎರಡು ಗಂಟೆಯ ಮೇಲೆ ಮಾಡುವವರು, ಹಾಗಾಗಿ ಒಂದು ಗಂಟೆಗೂ ಅವರು ‘ಬ್ವೇನೊಸ್ ದೀಯಸ್’ ಅನ್ನಬಹುದು. ಅವರು ಅಂದದ್ದನ್ನೇ ತಿರುಗಿ ಅನ್ನಿ.

ಶುಭಾಶಯದ ಬೆನ್ನಿಗೆ ಯೋಗಕ್ಷೇಮ:

— ಕೋಮೊ ಎಸ್ತಾ ಉಸ್ತೇದ್? (ಹೇಗಿದ್ದೀರಿ?)
— ಮೂಯ್ ಬ್ಯೇನ್, ಗ್ರಾಸ್ಯಸ್. ಇ ಉಸ್ತೇದ್? (ತುಂಬ ಚೆನ್ನಾಗಿದ್ದೀನಿ, ಧನ್ಯವಾದ. ನೀವು?)

ಸಲುಗೆಯಲ್ಲಿ ‘ಕೋಮೊ ಎಸ್ತಾಸ್?’ ಅಥವಾ ಬರೀ ‘ಕೇ ತಾಲ್?’ ಸಾಕು. ಉತ್ತರ ಉದ್ದ ಬೇಡ, ‘ಬ್ಯೇನ್’ ಅಂದು ಅವರನ್ನೂ ತಿರುಗಿ ಕೇಳಿ. ತಿರುಗಿ ಕೇಳದೆ ಸುಮ್ಮನಾಗುವುದು ಅವರಿಗೆ ಒಣಒಣ ಅನ್ನಿಸುತ್ತದೆ.

ಮೂರನೇ ಹೆಜ್ಜೆ: ನೀನು, ನೀವು

‘ತೂ’ ಅಂದರೆ ನೀನು, ‘ಉಸ್ತೇದ್’ ಅಂದರೆ ನೀವು. ಕನ್ನಡದವರಿಗೆ ಈ ಭೇದ ಬಿಡಿಸಿ ಹೇಳಬೇಕಾಗಿಲ್ಲ. ನಾವು ಮಾತಿಗೊಮ್ಮೆ ‘ರೀ’ ಸೇರಿಸುವ ಕಡೆಯೆಲ್ಲ ‘ಉಸ್ತೇದ್’ ಹಾಕಿ, ತಪ್ಪಾಗುವುದಿಲ್ಲ. ಆದರೆ ‘ಗ್ರಾಸ್ಯಸ್ ರಿ’ ಅನ್ನುವ ಅಭ್ಯಾಸ ಬೇಡ. ಗೌರವಕ್ಕೆ ‘ಗ್ರಾಸ್ಯಸ್, ಸೆಞೋರ್’, ‘ಗ್ರಾಸ್ಯಸ್, ಸೆಞೋರ’ ಅನ್ನಿ.

ಭೇದ ಒಂದೇ ಆದರೂ ಬಳಕೆ ಒಂದೇ ಅಲ್ಲ. ಸ್ಪೇನಿನಲ್ಲಿ ಅಪರಿಚಿತರೂ ಬೇಗ ‘ತೂ’ಗೆ ಇಳಿಯುತ್ತಾರೆ. ಇಪ್ಪತ್ತರ ಹುಡುಗಿ ಐವತ್ತರ ಗೈಡಿಗೆ ‘ತೂ’ ಎಂದರೆ ಅದು ಏಕವಚನದ ಅಗೌರವ ಅಲ್ಲ, ಆತ್ಮೀಯತೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೊಲಂಬಿಯಾದ ಬೊಗೊತಾ ಕಡೆಯವರು ಗೆಳೆಯರಿಗೂ ‘ಉಸ್ತೇದ್’ ಅನ್ನುತ್ತಾರೆ. ಅರ್ಜೆಂಟೀನಾ, ಉರುಗ್ವೆಯವರು ‘ತೂ’ ಬದಲು ‘ಬೋಸ್’ ಅನ್ನುತ್ತಾರೆ. ಬ್ವೇನೊಸ್ ಐರಿಸ್ ಕಡೆಯವರ ಬಾಯಲ್ಲಿ ‘ಮೆ ಯಾಮೊ’ ಎಂಬುದು ‘ಮೆ ಶಾಮೊ’ ಎಂದು ಕೇಳಿದರೆ ಗಾಬರಿ ಬೇಡ, ಅದೇ ಮಾತು. ನೀವು ‘ಉಸ್ತೇದ್’ ಹಿಡಿದು ಹೋಗಿ. ಅವರಾಗಿ ‘ತೂ’ಗೆ ಬಂದ ಮೇಲೆ ನೀವೂ ಬರಬಹುದು. ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆ ‘ಉಸ್ತೇದೆಸ್’.

ನಾಲ್ಕನೇ ಹೆಜ್ಜೆ: ಹೆಸರು

— ಕೋಮೊ ಸೆ ಯಾಮ ಉಸ್ತೇದ್? (ನಿಮ್ಮ ಹೆಸರೇನು?)
— ಮೆ ಯಾಮೊ ಬಸವರಾಜ. (ನನ್ನ ಹೆಸರು ಬಸವರಾಜ.)

ಸಲುಗೆಯ ಪ್ರಶ್ನೆ: ಕೋಮೊ ತೆ ಯಾಮಸ್? ಹೆಸರು ಹೇಳಲು ‘ಮಿ ನೋಂಬ್ರೆ ಎಸ್ ಬಸವರಾಜ’, ‘ಸೋಯ್ ಬಸವರಾಜ’ ಕೂಡ ಸರಿ. ಇವನ್ನು ಬೆರೆಸಿ ‘ಮೆ ಯಾಮೊ ಎಸ್ ಬಸವರಾಜ’ ಅನ್ನುವುದು ಹೊಸಬರ ಸಾಮಾನ್ಯ ತಪ್ಪು. ‘ಯಾಮೊ’ ಸ್ವತಃ ಕ್ರಿಯಾಪದ, ಅದರ ಪಕ್ಕಕ್ಕೆ ಇನ್ನೊಂದು ಬೇಡ.

‘ನಾನು’ ಅನ್ನಲು ‘ಯೋ’ ಇದೆ. ಪ್ರತಿ ವಾಕ್ಯಕ್ಕೂ ಅದನ್ನು ಜೋಡಿಸಬೇಡಿ. ‘ಬಂದೆ’ ಅಂದರೆ ಬಂದದ್ದು ನಾನು ಎಂದು ಕನ್ನಡದಲ್ಲಿ ತಾನೇ ತಿಳಿಯುವಂತೆ, ‘ಸೋಯ್’ ಅಂದ ಕೂಡಲೇ ಮಾತಾಡುವುದು ನಾನು ಎಂದು ಅವರಿಗೆ ತಿಳಿಯುತ್ತದೆ. ಇದು ನಮಗೆ ಸಿಕ್ಕ ಇನ್ನೊಂದು ಅನುಕೂಲ.

ನಮ್ಮ ಹೆಸರುಗಳು ಅವರಿಗೆ ಕಷ್ಟ, ಮುಖ್ಯವಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಗುರುತಿನ ಚೀಟಿ ನೋಡಿ ಓದಿದಾಗ. ಹನುಮಂತ ‘ಅನುಮಂತ’ ಆಗುತ್ತಾನೆ, ಮಂಜುನಾಥ ‘ಮನ್ಹುನಾತ’, ಮಲ್ಲಿಕಾರ್ಜುನ ‘ಮಯಿಕಾರ್ಹುನ’. ಶ ಅವರಲ್ಲಿ ಹೆಚ್ಚಿನವರಿಗೆ ರೂಢಿಯಿಲ್ಲ, ಶರಣಪ್ಪ ‘ಸರನಪ್ಪ’ ಆಗಬಹುದು. ಊರುಗಳ ಕಥೆಯೂ ಇದೇ: ಹಂಪಿ ‘ಅಂಪಿ’, ಬಳ್ಳಾರಿ ‘ಬಯಾರಿ’, ಗಂಗಾವತಿ ‘ಗಂಗಾಬತಿ’. ಅವರು ‘ಅಂಪಿ’ ಅಂದಾಗ ಬೇರೆ ಊರು ಎಂದುಕೊಂಡು ಆಟೊ ತಿರುಗಿಸಬೇಡಿ. ಹೆಸರನ್ನು ಚೀಟಿ ತೋರಿಸಿ ಪರಿಚಯಿಸುವ ಬದಲು ಬಾಯಿಂದ ಎರಡು ಸಲ, ಬಿಡಿಸಿ ಹೇಳಿ. ಬೇಕಾದರೆ ಚಿಕ್ಕದು ಮಾಡಿ: ಬಸು, ಮಲ್ಲಿ, ಶರಣ.

ಹೆಸರು ಗೊತ್ತಾದ ಮೇಲೆ ಸಂತೋಷ ತೋರಿಸಬೇಕು:

— ಮೂಚೊ ಗೂಸ್ತೊ. (ಭೇಟಿ ಸಂತೋಷ.)
— ಇಗ್ವಲ್ಮೇಂತೆ. (ನನಗೂ ಹಾಗೇ.)

ಇದಕ್ಕೆ ಬದಲಾಗಿ ‘ಎಂಕಂತಾದೊ’, ‘ಎಂಕಂತಾದ’ ಕೂಡ ಇದೆ. ಹೇಳುವವರು ಗಂಡಸಾದರೆ ಮೊದಲನೆಯದು, ಹೆಂಗಸಾದರೆ ಎರಡನೆಯದು. ಎದುರಿಗಿರುವವರು ಯಾರು ಎಂದು ನೋಡಿ ಬದಲಿಸಬಾರದು. ಆದರೆ ‘ಸ್ವಾಗತ’ ಹೇಳುವಾಗ ತಿರುಗಾಮುರುಗಾ, ಅಲ್ಲಿ ಬಂದವರನ್ನೇ ನೋಡಬೇಕು: ಒಬ್ಬ ಗಂಡಸಿಗೆ ‘ಬ್ಯೆಂಬೆನೀದೊ’, ಒಬ್ಬ ಹೆಂಗಸಿಗೆ ‘ಬ್ಯೆಂಬೆನೀದ’, ಬರೀ ಹೆಂಗಸರ ಗುಂಪಿಗೆ ‘ಬ್ಯೆಂಬೆನೀದಸ್’, ಗಂಡಸರ ಅಥವಾ ಬೆರಕೆ ಗುಂಪಿಗೆ ‘ಬ್ಯೆಂಬೆನೀದೊಸ್’. ‘ಬ್ಯೆಂಬೆನೀದೊಸ್ ಅ ಆನೆಗುಂದಿ’ ಅಂದರೆ ಆನೆಗುಂದಿಗೆ ಸ್ವಾಗತ. ಗೊಂದಲವಾದರೆ ‘ಮೂಚೊ ಗೂಸ್ತೊ’ ಒಂದೇ ಸಾಕು, ಅದು ಯಾರಿಗೂ ಬದಲಾಗುವುದಿಲ್ಲ.

ಹೋಂಸ್ಟೇ ನಡೆಸುವವರಿಗೆ ಇನ್ನೊಂದು ವಿಷಯ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಬೇಕಲ್ಲ, ಪಾಸ್‌ಪೋರ್ಟಿನಲ್ಲಿ ಅವರಿಗೆ ಹೆಚ್ಚಾಗಿ ಎರಡು ಅಡ್ಡಹೆಸರು ಇರುತ್ತವೆ. ಸಾಮಾನ್ಯವಾಗಿ ಮೊದಲನೆಯದು ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ಫಾರ್ಮಿನಲ್ಲಿ ಎರಡನ್ನೂ ಬರೆಯಿರಿ. ಕರೆಯುವಾಗ ಮೊದಲನೆಯದು ಹಿಡಿಯಿರಿ: ಗರ್ಸೀಯ ಲೋಪೆಸ್ ಎಂದಿದ್ದರೆ ‘ಸೆಞೋರ್ ಗರ್ಸೀಯ’. ಕೊನೆಯ ಪದವೇ ಮನೆತನದ ಹೆಸರು ಎಂದು ‘ಲೋಪೆಸ್’ ಅಂತ ಕೂಗಿದರೆ ಅವರು ತಮ್ಮನ್ನಲ್ಲ ಎಂದುಕೊಳ್ಳಬಹುದು.

ಐದನೇ ಹೆಜ್ಜೆ: ಊರು, ಕೆಲಸ, ಮನೆಯವರು

— ದೆ ದೋಂದೆ ಎಸ್ ಉಸ್ತೇದ್? (ನೀವು ಎಲ್ಲಿಯವರು?) ಗುಂಪಿಗೆ: ದೆ ದೋಂದೆ ಸೋನ್ ಉಸ್ತೇದೆಸ್?
— ಸೋಯ್ ದೆ ಮೇಹಿಕೊ. (ನಾನು ಮೆಕ್ಸಿಕೊದವ.)

ನಿಮ್ಮ ಸರದಿ: ‘ಸೋಯ್ ದೆ ಲ ಈಂದ್ಯ’ (ನಾನು ಭಾರತದವ), ‘ಬೀಬೊ ಎನ್ ಆನೆಗುಂದಿ, ಸೇರ್ಕ ದೆ ಹಂಪಿ’ (ಹಂಪಿ ಹತ್ತಿರದ ಆನೆಗುಂದಿಯಲ್ಲಿರುತ್ತೇನೆ). ‘ಭಾರತೀಯ’ ಅನ್ನಲು ನಿಘಂಟಿನಲ್ಲಿ ‘ಈಂದ್ಯೊ’ ಎಂಬ ಪದ ಸಿಗುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಅದು ಅಲ್ಲಿನ ಮೂಲನಿವಾಸಿಗಳಿಗೆ, ಎಷ್ಟೋ ಸಲ ಹೀಯಾಳಿಸಲು, ಬಳಸುವ ಮಾತು. ‘ದೆ ಲ ಈಂದ್ಯ’ ಎಂಬುದೇ ಎಲ್ಲ ಕಡೆ ಸಲ್ಲುತ್ತದೆ.

ಕೆಲಸ ಹೇಳುವಲ್ಲಿ ಕನ್ನಡ ನಮ್ಮನ್ನು ಎಡವಿಸುತ್ತದೆ. ‘ನಾನು ಗೈಡ್’ ಅಂದರೆ ಕನ್ನಡದಲ್ಲಿ ವಾಕ್ಯ ಪೂರ್ತಿ. ಸ್ಪ್ಯಾನಿಷಿನಲ್ಲಿ ‘ಯೋ ಗೀಯ’ ಅಪೂರ್ಣ. ‘ಸೋಯ್’ ಬೇಕೇ ಬೇಕು:

ಸೋಯ್ ಗೀಯ: ನಾನು ಗೈಡ್ (ಗಂಡಸು, ಹೆಂಗಸು ಇಬ್ಬರಿಗೂ ಒಂದೇ).
ಸೋಯ್ ಕೊಂದುಕ್ತೋರ್: ನಾನು ಡ್ರೈವರ್. ಕಿವಿಗೆ ‘ಕಂಡಕ್ಟರ್’ ಅನ್ನಿಸಿದರೂ ಅರ್ಥ ಡ್ರೈವರ್.
ಸೋಯ್ ಅಗ್ರಿಕುಲ್ತೋರ್: ನಾನು ರೈತ. ರೈತ ಮಹಿಳೆಯಾದರೆ ‘ಅಗ್ರಿಕುಲ್ತೋರ’.
ಸೋಯ್ ಎಸ್ತುದಿಯಾಂತೆ: ನಾನು ವಿದ್ಯಾರ್ಥಿ, ವಿದ್ಯಾರ್ಥಿನಿ.

ಇರುವಿಕೆಗೆ ಎರಡು ಕ್ರಿಯಾಪದಗಳಿವೆ. ಹೆಸರು, ಊರು, ಕೆಲಸಕ್ಕೆ ‘ಸೋಯ್’. ಈ ಹೊತ್ತಿನ ಸ್ಥಿತಿಗೆ ‘ಎಸ್ತೋಯ್’. ‘ಎಸ್ತೋಯ್ ಬ್ಯೇನ್’ ಅಂದರೆ ಚೆನ್ನಾಗಿದ್ದೇನೆ. ‘ಸೋಯ್ ಬ್ಯೇನ್’ ತಪ್ಪು. ವಯಸ್ಸಿಗೆ ಇವೆರಡೂ ಅಲ್ಲ, ‘ತೇಂಗೊ’: ‘ತೇಂಗೊ ತ್ರೇಯ್ಂತ ಆಞೊಸ್’, ನನಗೆ ಮೂವತ್ತು ವರ್ಷ. ‘ನನಗೆ ಇದೆ’ ಎಂಬ ನಮ್ಮ ರೀತಿಗೆ ಇದು ಹತ್ತಿರವೇ.

ಮನೆಯವರ ಪರಿಚಯ: ‘ಏಸ್ತೆ ಎಸ್ ಮಿ ಎರ್ಮಾನೊ’ (ಇವನು ನನ್ನ ಅಣ್ಣ ಅಥವಾ ತಮ್ಮ), ‘ಏಸ್ತ ಎಸ್ ಮಿ ಎಸ್ಪೋಸ’ (ಈಕೆ ನನ್ನ ಹೆಂಡತಿ). ಅಕ್ಕ–ತಂಗಿಗೂ ಒಂದೇ ಪದ, ‘ಎರ್ಮಾನ’.

ಇನ್ನು ಕೈ, ಕೆನ್ನೆಯ ವಿಚಾರ. ಸ್ಪೇನಿನಲ್ಲಿ ಪರಿಚಯವಾಗುವಾಗ ಎರಡೂ ಕೆನ್ನೆ ತಾಗಿಸುವ ರೂಢಿ ಇದೆ, ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಒಂದು ಕೆನ್ನೆ. ಗಂಡಸರ ನಡುವೆ ಸಾಮಾನ್ಯವಾಗಿ ಕೈಕುಲುಕು. ಇಲ್ಲಿ ನೀವು ಅದನ್ನು ಅನುಸರಿಸಬೇಕಿಲ್ಲ. ಕೈಮುಗಿದು ‘ಓಲ, ಬ್ವೇನೊಸ್ ದೀಯಸ್’ ಅಂದರೆ ಚೆಂದವಾಗಿಯೇ ಇರುತ್ತದೆ.

ಆರನೇ ಹೆಜ್ಜೆ: ಮಾತು ಕೈಮೀರಿದಾಗ

ನೀವು ಎರಡು ವಾಕ್ಯ ಚೆನ್ನಾಗಿ ಹೇಳಿದ ಕೂಡಲೇ ಅವರು ಹತ್ತು ವಾಕ್ಯ ಸುರಿಯುತ್ತಾರೆ. ಹೆಚ್ಚಿನವರು ಹೆದರಿ ನಿಲ್ಲಿಸುವುದು ಇಲ್ಲೇ. ಅದಕ್ಕಾಗಿ ಈ ನಾಲ್ಕನ್ನು ಪರಿಚಯದ ಮಾತಿಗಿಂತ ಮೊದಲೇ ಬಾಯಿಪಾಠ ಮಾಡಿದರೂ ಒಳ್ಳೆಯದೇ:

ಆಬ್ಲೊ ಉನ್ ಪೋಕೊ ದೆ ಎಸ್ಪಞೋಲ್: ನನಗೆ ಸ್ವಲ್ಪ ಸ್ಪ್ಯಾನಿಷ್ ಬರುತ್ತದೆ.
ನೋ ಎಂತ್ಯೇಂದೊ: ಅರ್ಥವಾಗಲಿಲ್ಲ.
ಮಾಸ್ ದೆಸ್ಪಾಸ್ಯೊ, ಪೊರ್ ಫಬೋರ್: ದಯವಿಟ್ಟು ನಿಧಾನವಾಗಿ.
ಪೆರ್ದೋನ್: ಕ್ಷಮಿಸಿ.

ಮಾತು ಶುರು ಮಾಡುವ ಮುಂಚೆ ‘ಆಬ್ಲ ಎಸ್ಪಞೋಲ್?’ (ಸ್ಪ್ಯಾನಿಷ್ ಮಾತಾಡುತ್ತೀರಾ?) ಎಂದು ಕೇಳುವುದು ಲೇಸು. ಬ್ರೆಜಿಲ್, ಪೋರ್ಚುಗಲ್‌ನವರ ಭಾಷೆ ಪೋರ್ಚುಗೀಸ್. ಕಿವಿಗೆ ಎರಡೂ ಒಂದೇ ಅನ್ನಿಸುತ್ತವೆ, ಅವರಿಗೆ ಹಾಗಲ್ಲ. ಈ ಪ್ರಶ್ನೆಯಲ್ಲಿ ಇನ್ನೊಂದು ಎಚ್ಚರ ಬೇಕು. ನಾವು ‘ಬರ್ತೀರಾ’, ‘ಊಟಾ?’ ಎಂದು ಕೊನೆಗೆ ಆ ಸೇರಿಸಿ ಪ್ರಶ್ನೆ ಮಾಡುವವರು. ಅದೇ ಚಟದಲ್ಲಿ ‘ಎಸ್ಪಞೋಲಾ?’ ಅಂದರೆ ಸ್ಪೇನಿನ ಹೆಂಗಸು ಎಂಬ ಬೇರೆಯೇ ಪದವಾಗುತ್ತದೆ. ಪದ ಮುಟ್ಟಬೇಡಿ, ಕೊನೆಯಲ್ಲಿ ದನಿ ಮಾತ್ರ ಏರಿಸಿ.

ಏಳನೇ ಹೆಜ್ಜೆ: ಬೀಳ್ಕೊಡುವುದು

ದಿನಬಳಕೆಗೆ ‘ಆಸ್ತ ಲ್ವೇಗೊ’ (ಮತ್ತೆ ಸಿಗೋಣ). ಮರುದಿನ ಸಿಗುವುದು ಖಚಿತವಿದ್ದರೆ ‘ಆಸ್ತ ಮಞಾನ’. ಊರಿಗೆ ಹೊರಟವರಿಗೆ ‘ಬ್ವೇನ್ ಬಿಯಾಹೆ’ (ಪ್ರಯಾಣ ಸುಖಕರವಾಗಲಿ). ‘ಅದ್ಯೋಸ್’ ಕೂಡ ಸರಿ, ಆದರೆ ಸಂಜೆ ಮತ್ತೆ ಭೇಟಿಯಾಗುವವರಿಗೆ ಅದಕ್ಕಿಂತ ‘ಆಸ್ತ ಲ್ವೇಗೊ’ ಒಪ್ಪುತ್ತದೆ. ಅವರು ‘ಗ್ರಾಸ್ಯಸ್’ ಅಂದರೆ ನಿಮ್ಮ ಉತ್ತರ ‘ದೆ ನಾದ’ (ಪರವಾಗಿಲ್ಲ).

ಇಡೀ ಮಾತುಕತೆ

ಸಂಜೆ ಐದಕ್ಕೆ ಹೋಂಸ್ಟೇ ಬಾಗಿಲಲ್ಲಿ, ಮನೆಯ ಯಜಮಾನಿ ಮತ್ತು ಅತಿಥಿ:

— ಬ್ವೇನಸ್ ತಾರ್ದೆಸ್, ಸೆಞೋರ್. ಬ್ಯೆಂಬೆನೀದೊ. ಆಬ್ಲ ಎಸ್ಪಞೋಲ್?
— ಸೀ! ಸೋಯ್ ದೆ ಎಸ್ಪಾಞ. ಕೋಮೊ ಎಸ್ತಾ?
— ಮೂಯ್ ಬ್ಯೇನ್, ಗ್ರಾಸ್ಯಸ್. ಇ ಉಸ್ತೇದ್?
— ಬ್ಯೇನ್, ಬ್ಯೇನ್.
— ಮೆ ಯಾಮೊ ಗೌರಮ್ಮ. ಕೋಮೊ ಸೆ ಯಾಮ ಉಸ್ತೇದ್?
— ಮೆ ಯಾಮೊ ಪಾಬ್ಲೊ. ಎಂಕಂತಾದೊ.
— ಎಂಕಂತಾದ. ಪಾಸೆ, ಪೊರ್ ಫಬೋರ್. (ದಯವಿಟ್ಟು ಒಳಗೆ ಬನ್ನಿ.)

ಅತಿಥಿ ‘ಸೀ’ (ಹೌದು) ಅಂದು ತಾನಾಗಿ ಊರು ಹೇಳಿದ್ದರಿಂದ ಅದನ್ನು ಮತ್ತೆ ಕೇಳಿಲ್ಲ. ಕಲಿತ ಪ್ರಶ್ನೆಯನ್ನೆಲ್ಲ ಒಪ್ಪಿಸಲೇಬೇಕೆಂದಿಲ್ಲ, ಅವರು ಹೇಳಿದ್ದನ್ನು ಹಿಡಿದು ಮುಂದೆ ಹೋಗಿ.

ಅಭ್ಯಾಸ ಹೀಗೆ

ಮೊದಲ ಎರಡು ದಿನ ಉಚ್ಚಾರಣೆ ಮಾತ್ರ. ಮೂರನೇ ದಿನ ಹೊತ್ತಿನ ಶುಭಾಶಯ, ನಾಲ್ಕನೇ ದಿನ ನೀವು–ನೀನು ಮತ್ತು ಹೆಸರು, ಐದನೇ ದಿನ ಊರು ಮತ್ತು ಕೆಲಸ, ಆರನೇ ದಿನ ಕೈಮೀರಿದಾಗಿನ ನಾಲ್ಕು ಮಾತು ಮತ್ತು ಬೀಳ್ಕೊಡುಗೆ, ಏಳನೇ ದಿನ ಇಡೀ ಮಾತುಕತೆ.

ಮೊಬೈಲಿನ ಅನುವಾದ ಆ್ಯಪಿನಲ್ಲಿ ಭಾಷೆಯನ್ನು ಸ್ಪ್ಯಾನಿಷ್ ಮಾಡಿ, ವಾಕ್ಯ ಹಾಕಿ, ಸ್ಪೀಕರ್ ಗುರುತು ಒತ್ತಿ ಕೇಳಿ. ಕೇಳಿದ ಕೂಡಲೇ ಗಟ್ಟಿಯಾಗಿ ಹೇಳಿ, ಒಂದು ವಾಕ್ಯಕ್ಕೆ ಹತ್ತು ಸಲ. ಆಮೇಲೆ ಪರೀಕ್ಷೆ: ಕೀಬೋರ್ಡಿನ ಧ್ವನಿ ಟೈಪಿಂಗನ್ನು ಸ್ಪ್ಯಾನಿಷಿಗೆ ಹಾಕಿ ನೀವೇ ಮಾತಾಡಿ. ಅದು ಸರಿಯಾದ ವಾಕ್ಯ ಟೈಪ್ ಮಾಡಿದರೆ ಉಚ್ಚಾರಣೆ ತಿಳಿಯುವಷ್ಟು ಸ್ಪಷ್ಟವಾಗಿದೆ ಎಂದರ್ಥ. ಬೇರೇನೋ ಬಂದರೆ ಮೊದಲು ಕೊನೆಯ ಎ, ಆಮೇಲೆ ತ–ಟ, ಆಮೇಲೆ ಒತ್ತು, ಈ ಕ್ರಮದಲ್ಲಿ ನೋಡಿ. ಹೆಚ್ಚಾಗಿ ತಪ್ಪು ಈ ಮೂರರಲ್ಲೇ ಸಿಗುತ್ತದೆ. ಮನೆಯಲ್ಲಿ ಅಣ್ಣನನ್ನೋ ಮಗಳನ್ನೋ ಅತಿಥಿಯಾಗಿ ನಿಲ್ಲಿಸಿಕೊಂಡು ಎರಡೂ ಕಡೆಯ ಮಾತನ್ನು ಅದಲುಬದಲು ಮಾಡಿ ಆಡಿ.

ಕನ್ನಡದಲ್ಲಿ ಬರೆದುಕೊಂಡ ಚೀಟಿ ಮೊದಲ ವಾರಕ್ಕೆ ಸಾಕು. ಎರಡನೇ ವಾರದಿಂದ ಸ್ಪ್ಯಾನಿಷ್ ಬರಹವನ್ನೂ ಓದಲು ತೊಡಗಿ. ಪ್ರಶ್ನೆಯ ಆರಂಭದಲ್ಲೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ, ದನಿ ಎಲ್ಲಿಂದ ಪ್ರಶ್ನೆಯದ್ದಾಗಬೇಕು ಎಂದು ಅದು ಮೊದಲೇ ತಿಳಿಸುತ್ತದೆ. ಒತ್ತಿಗೂ ನಿಯಮ ಇದೆ. ಪದ ಸ್ವರದಲ್ಲೋ, ನ್ ಅಥವಾ ಸ್‌ನಲ್ಲೋ ಮುಗಿದರೆ ಕೊನೆಯಿಂದ ಎರಡನೇ ಅಕ್ಷರದ ಮೇಲೆ, ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ಅಕ್ಷರದ ಮೇಲೆ. ಇದಕ್ಕೆ ಹೊರತಾದ ಪದಗಳಲ್ಲಿ ಒತ್ತಿನ ಸ್ವರದ ತಲೆಯ ಮೇಲೆ ಸಣ್ಣ ಓರೆಗೆರೆ ಇರುತ್ತದೆ. ಇಷ್ಟು ಕೂಡಿಬಂದ ಮೇಲೆ ಒಂದರಿಂದ ನೂರರವರೆಗಿನ ಅಂಕಿ ಹಿಡಿಯಿರಿ. ಬಾಡಿಗೆ, ಸಮಯ, ವಯಸ್ಸು ಮೂರಕ್ಕೂ ಅದೇ ಬೇಕು. ಪ್ರಮಾಣಪತ್ರ ಬೇಕೆನ್ನುವವರಿಗೆ ‘ದೇಲೆ’ ಎಂಬ ಪರೀಕ್ಷೆ ಇದೆ, ಅದರ ಮೊದಲ ಮಟ್ಟ ಎ1. ಅದನ್ನು ನಡೆಸುವ ಸ್ಪೇನ್ ಸರ್ಕಾರದ ಸೆರ್ಬಾಂತೆಸ್ ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ.